ಹ್ಯಾಂಬರ್ಗ್‌ನ ಗೋದಾಮುಗಳ ಬಗ್ಗೆಯೂ ಬರೆಯಿರಿ

ಮಾನ್ಯ ಸಂಪಾದಕರಿಗೆ ನಮಸ್ಕಾರ.

ಭಾನುವಾರದ ಪುರವಣಿಯಲ್ಲಿ ಬಂದಿದ್ದ, ಜರ್ಮನಿಯ ಬಂದರು ನಗರ ಹ್ಯಾಂಬರ್ಗ್‌ನ ಪ್ರವಾಸದ ಲೇಖನವನ್ನು ಎರಡು ಸಲ ಓದಿದೆ. ಎಲ್ಬ್‌ಫಿಲ್‌ಹಾರ್ಮನಿ ಸಂಗೀತ ಭವನ, ಪುಟಾಣಿ ರೈಲುಗಳ ಮಿನಿಯಾಟೂರ್ ವುಂಡರ್‌ಲ್ಯಾಂಡ್, ರೀಪರ್‌ಬಾನ್ ಬೀದಿ ಎಲ್ಲವೂ ವಿವರವಾಗಿ ಇದ್ದವು. ಸ್ಪೈಖರ್‌ಸ್ಟಾಟ್ ಎಂಬ ಗೋದಾಮುಗಳ ಪೇಟೆಗೆ ಮಾತ್ರ ಒಂದೇ ಸಾಲು: ಸಂಜೆ ದೀಪ ಹಚ್ಚಿದ ಮೇಲೆ ಫೋಟೊಗೆ ಚೆಂದ ಎಂದು. ಅದನ್ನು ಓದಿ ಮನಸ್ಸು ಪಿಚ್ಚೆಂದಿತು. ಅದಕ್ಕೇ ಈ ಪತ್ರ.

ನಾನು ಚಿಕ್ಕಮಗಳೂರಿನಲ್ಲಿ ಒಂದು ಕಾಫಿ ಕ್ಯೂರಿಂಗ್ ವರ್ಕ್ಸಿನಲ್ಲಿ (ಕಾಫಿ ಬೀಜದ ಸಿಪ್ಪೆ ತೆಗೆದು, ವಿಂಗಡಿಸಿ ಮಾರಾಟಕ್ಕೆ ಸಿದ್ಧ ಮಾಡುವ ಕಾರ್ಖಾನೆ) 31 ವರ್ಷ ಗುಮಾಸ್ತೆಯಾಗಿದ್ದವಳು. ನಮ್ಮಮ್ಮ ಅಲ್ಲೇ ಗಾರ್ಬ್ಲಿಂಗ್ ಹಾಲಿನಲ್ಲಿ ಕೂತು ಕಪ್ಪು ಬೀಜ, ಒಡಕು ಬೀಜ ಆರಿಸುತ್ತಿದ್ದರು. ಹ್ಯಾಂಬರ್ಗ್ ಅನ್ನೋ ಹೆಸರನ್ನು ನಾನು ಮೊದಲು ಓದಿದ್ದು ಮಂಗಳೂರು ಬಂದರಿಗೆ ಹೊರಟಿದ್ದ 60 ಕೆ.ಜಿ. ಗೋಣಿಚೀಲದ ಮೇಲೆ, ಕಪ್ಪು ಬಣ್ಣದ ಅಚ್ಚಿನಲ್ಲಿ.

ಮಗಳು ಈಗ ಅದೇ ಊರಿನಲ್ಲಿದ್ದಾಳೆ. ಕಳೆದ ಬೇಸಿಗೆಯಲ್ಲಿ ಹೋದಾಗ ಮೊದಲು ಊರು ತೋರಿಸುವ ಬಸ್ ಹತ್ತಿದೆವು. ಗೋದಾಮುಗಳ ಹತ್ತಿರ ಹತ್ತು ನಿಮಿಷ ನಿಲ್ಲಿಸಿ, ಸೇತುವೆ ಮೇಲೆ ಫೋಟೊ ತೆಗೆದುಕೊಳ್ಳಿ ಎಂದು ಹೇಳಿ, ಮತ್ತೆ ಹತ್ತಿಸಿಕೊಂಡು ಹೊರಟೇಬಿಟ್ಟರು. ನನಗೆ ಆ ರಾತ್ರಿ ಸರಿಯಾಗಿ ನಿದ್ದೆ ಬರಲಿಲ್ಲ. ಮರುದಿನ ನಾವಿಬ್ಬರೇ ಬೌಮ್‌ವಾಲ್ ನಿಲ್ದಾಣದಲ್ಲಿ ಇಳಿದು ನಡೆದು ಹೋದೆವು.

ಕೆಂಪು ಇಟ್ಟಿಗೆಯ ಆ ಕಟ್ಟಡಗಳಿಗೆ ಒಂದು ಬಾಗಿಲು ರಸ್ತೆಗೆ, ಇನ್ನೊಂದು ಕಾಲುವೆಗೆ. ಮೇಲೆ ಮಾಡಿನ ತುದಿಯಲ್ಲಿ ರಾಟೆ. ದೋಣಿಯಿಂದ ಚೀಲವನ್ನು ನೇರ ಬೇಕಾದ ಅಂತಸ್ತಿಗೇ ಎತ್ತಿಕೊಳ್ಳುತ್ತಿದ್ದರು. 1888ರಲ್ಲಿ ಹ್ಯಾಂಬರ್ಗ್ ಜರ್ಮನಿಯ ಸುಂಕದ ವ್ಯವಸ್ಥೆಗೆ ಸೇರುವಾಗ, ಸುಂಕ ಕಟ್ಟದೆ ಸರಕು ಇಟ್ಟುಕೊಳ್ಳಲು ಬೇಕಾಯಿತೆಂದು ಈ ಪೇಟೆ ಕಟ್ಟಿದರು. ಅದಕ್ಕಾಗಿ ಅಲ್ಲಿ ವಾಸವಾಗಿದ್ದ ಸುಮಾರು 20,000 ಜನರನ್ನು ಎತ್ತಂಗಡಿ ಮಾಡಿದರು. ಫೋಟೊದಲ್ಲಿ ಅವರು ಯಾರೂ ಕಾಣುವುದಿಲ್ಲ. 2015ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಜಾಗ ಇದು. ಲೇಖನದಲ್ಲಿ ಅದೂ ಇರಲಿಲ್ಲ.

ಒಂದು ಹಳೇ ಗೋದಾಮಿನಲ್ಲೇ ಸ್ಪೈಖರ್‌ಸ್ಟಾಟ್ ಮ್ಯೂಸಿಯಂ ಇದೆ. ಚೀಲ ಎಳೆಯುವ ಕೊಕ್ಕೆ, ತಕ್ಕಡಿ, ಚೀಲಕ್ಕೆ ಚುಚ್ಚಿ ಒಂದು ಹಿಡಿ ಬೀಜ ಹೊರತೆಗೆಯುವ ಮೊನಚು ಕೊಳವೆ. ಆ ಕೊಳವೆ ನೋಡಿ ನಿಂತೇಬಿಟ್ಟೆ. ನಮ್ಮಲ್ಲಿ ಸ್ಯಾಂಪಲ್ ತೆಗೆಯುತ್ತಿದ್ದದ್ದೂ ಅಂಥದ್ದರಲ್ಲೇ. ಕಾಫಿ ಬೀಜ ಆರಿಸುವ ಕೆಲಸ ಹ್ಯಾಂಬರ್ಗ್‌ನಲ್ಲೂ ಹೆಂಗಸರದ್ದೇ ಆಗಿತ್ತು ಎಂದು ಮಗಳು ಓದಿ ಹೇಳಿದಳು. ಅಮ್ಮ ಬದುಕಿದ್ದರೆ ಕರೆದುಕೊಂಡು ಬರಬೇಕಿತ್ತು ಅನ್ನಿಸಿ ಕಣ್ಣು ತುಂಬಿತು.

ನಿಮ್ಮ ಲೇಖಕರು ಇಷ್ಟಪಟ್ಟ ಎಲ್ಬ್‌ಫಿಲ್‌ಹಾರ್ಮನಿಯ ಗಾಜಿನ ಕೆಳಗಿರುವುದೂ ಒಂದು ಗೋದಾಮೇ. 1960ರ ದಶಕದಲ್ಲಿ ಕಟ್ಟಿದ ಅದರಲ್ಲಿ ಕೋಕೊ, ಚಹಾ, ತಂಬಾಕು ಇಡುತ್ತಿದ್ದರು. ಅದರ ಮೇಲೆ ನಿಂತ ಸಂಗೀತ ಭವನ ತೆರೆದದ್ದು 2017ರಲ್ಲಿ.

ಇನ್ನೊಂದು ಮಾತು, ಖರ್ಚಿನದು. ಬಂದರು ನೋಡಲು ದುಬಾರಿ ದೋಣಿ ವಿಹಾರವನ್ನೇ ಶಿಫಾರಸು ಮಾಡಿದ್ದೀರಿ. ಲಾಂಡುಂಗ್ಸ್‌ಬ್ರ್ಯೂಕನ್ ಎಂಬ ದೋಣಿಕಟ್ಟೆಯಿಂದ ಹೊರಡುವ 62ನೇ ನಂಬರಿನ ಫೆರಿಯಲ್ಲಿ ಸಿಟಿ ಬಸ್ಸು, ರೈಲಿನ ಟಿಕೆಟ್ಟೇ ನಡೆಯುತ್ತದೆ. ಕಂಟೇನರ್ ಹಡಗುಗಳನ್ನೂ ದೈತ್ಯ ಕ್ರೇನುಗಳನ್ನೂ ಅದರಿಂದಲೇ ನೋಡಿದೆ. ಪಕ್ಕದಲ್ಲೇ 1911ರ ಹಳೇ ಎಲ್ಬ್ ಸುರಂಗವಿದೆ. ಆಚೆ ದಡದ ಹಡಗುಕಟ್ಟೆಗೆ ಕೆಲಸಗಾರರು ಹೋಗಿಬರಲೆಂದು ನದಿಯಡಿ ಕೊರೆದದ್ದು. ನಡೆದು ದಾಟುವವರಿಗೆ ಕಾಸಿಲ್ಲ. ನನ್ನ ಮಂಡಿನೋವಿಗೆ ಅಲ್ಲಿನ ಲಿಫ್ಟ್ ದೊಡ್ಡ ಉಪಕಾರವಾಯಿತು.

ಮಲೆನಾಡಿನಿಂದ, ಕೊಡಗಿನಿಂದ ಮಕ್ಕಳ ಮನೆಗೆಂದು ಜರ್ಮನಿಗೆ ಹೋಗುವ ತಂದೆತಾಯಂದಿರು ಈಗ ಎಷ್ಟೋ ಜನ. ಅವರು ನಿಮ್ಮ ಪುರವಣಿ ಕತ್ತರಿಸಿ ಬ್ಯಾಗಿನಲ್ಲಿಟ್ಟುಕೊಂಡು ಹೋಗುತ್ತಾರೆ, ನಾನೂ ಹಾಗೇ ಮಾಡಿದವಳು. ಮುಂದಿನ ಸಲ ಹ್ಯಾಂಬರ್ಗ್ ಬಗ್ಗೆ ಬರೆಸುವಾಗ ಆ ಮ್ಯೂಸಿಯಂಗೆ ಅರ್ಧ ಪುಟ ಕೊಡಿ, ಫೆರಿಯ ನಂಬರನ್ನೂ ಹಾಕಿ.

ಇಂತಿ,
ನಿವೃತ್ತ ಗುಮಾಸ್ತೆ, ಚಿಕ್ಕಮಗಳೂರು