ಕಾದವರಿಗೆ

ಕಳೆದ ಭಾನುವಾರ ನಮ್ಮ ಯಜಮಾನರು ಕೋಲು ಹಿಡಿಯದೆ ಆರಾಧನೆಗೆ ನಡೆದು ಬಂದರು. ಬಾಗಿಲಿನಿಂದ ಮೂರನೇ ಸಾಲಿನ ತನಕ. ನಡುವೆ ಒಂದು ಸಲ ಬೆಂಚಿನ ತುದಿ ಹಿಡಿದುಕೊಂಡರು, ಅಷ್ಟೇ. ಅವತ್ತು ಎದ್ದು ನಿಂತು ಸಾಕ್ಷಿ ಹೇಳಬೇಕು ಅಂದುಕೊಂಡಿದ್ದೆ. ಗಂಟಲು ಕಟ್ಟಿತು, ಮಾತೇ ಹೊರಡಲಿಲ್ಲ. ಅದಕ್ಕೇ ಈಗ ಬರೆಯುತ್ತಿದ್ದೇನೆ.

ಗೊತ್ತಿಲ್ಲದವರಿಗೆ ಸ್ವಲ್ಪ ಹೇಳಿಬಿಡುತ್ತೇನೆ. ಹೋದ ವರ್ಷ ಅವರಿಗೆ ಗಿಲನ್ ಬಾರೆ ಸಿಂಡ್ರೋಮ್ ಬಂತು. ಎಲ್ಲರೂ ಜಿಬಿಎಸ್ ಅನ್ನುತ್ತಾರಲ್ಲ, ಅದೇ. ಮೈಯನ್ನು ಕಾಯಬೇಕಾದ ರೋಗನಿರೋಧಕ ಶಕ್ತಿಯೇ ದಾರಿ ತಪ್ಪಿ ನರಗಳ ಮೇಲೆ ಬೀಳುವ ಕಾಯಿಲೆ. ಮೊದಲು ಪಾದಗಳಲ್ಲಿ ಜೋಮು. ಮರುದಿನ ಮೊಣಕಾಲು ಸೋತವು. ನಾಲ್ಕನೇ ದಿನ ಉಸಿರಾಡುವ ಸ್ನಾಯುಗಳೂ ಕೈಕೊಟ್ಟವು. ಆಮೇಲೆ 23 ದಿನ ವೆಂಟಿಲೇಟರ್. ಐದು ದಿನ ಇಮ್ಯುನೊಗ್ಲೋಬುಲಿನ್ ಕೊಟ್ಟು ಮುಗಿಸಿದ ಮೇಲೆ ಡಾಕ್ಟರ್ ನನಗೆ ಹೇಳಿದ್ದು ಒಂದೇ ಮಾತು. 'ಇನ್ನು ಕಾಯಬೇಕು, ಅಮ್ಮ.' ನರಗಳ ಮೇಲಿನ ಹೊದಿಕೆ ಮತ್ತೆ ಬೆಳೆಯಬೇಕು. ಅದಕ್ಕೆ ಹೊತ್ತು ಬೇಕು.

ಆ ಮಾತು ನನಗೆ ಬೈಗುಳದ ಹಾಗೆ ಕೇಳಿಸಿತ್ತು. ಏನೂ ಮಾಡೋಕೆ ಆಗದವರಿಗೆ ಹೇಳುವ ಮಾತು ಅಲ್ವಾ ಅದು?

ಮೊದಲ ವಾರದಲ್ಲೇ ತುಂಬಾ ಜನ ನನಗೆ ಬೈಬಲಿನ 91ನೇ ಕೀರ್ತನೆ ಕಳಿಸಿದರು. ಪ್ರೀತಿಯಿಂದಲೇ ಕಳಿಸಿದರು, ಅದು ನನಗೆ ಗೊತ್ತು. ಆದರೆ ಯಾವ ಕೇಡೂ ನಿನ್ನ ಗುಡಾರದ ಹತ್ತಿರ ಬಾರದು ಅನ್ನುವ ಮಾತು ಓದಿದಾಗ ನನಗೆ ಸಿಟ್ಟು ಬಂತು. ಕೇಡು ಬಂದಾಗಿತ್ತು. ಒಳಗೇ ಬಂದು ಮಂಚದ ಮೇಲೆ ಮಲಗಿತ್ತು. ಅದನ್ನು ನಮ್ಮ ಸಭಾಪಾಲಕರಿಗೆ ಹಾಗೇ ಹೇಳಿಬಿಟ್ಟೆ. ಅವರು ನನ್ನನ್ನು ಗದರಲಿಲ್ಲ. ಮತ್ತಾಯನ ನಾಲ್ಕನೇ ಅಧ್ಯಾಯ ತೆಗೆದು ತೋರಿಸಿದರು. ದೇವಾಲಯದ ತುದಿಯಲ್ಲಿ ಯೇಸುವನ್ನು ನಿಲ್ಲಿಸಿ, 'ಕೆಳಗೆ ಧುಮುಕು, ದೂತರು ನಿನ್ನನ್ನು ಎತ್ತಿಕೊಳ್ಳುತ್ತಾರೆ' ಅಂದ ಸೈತಾನನು ಬಾಯಿಗೆ ತಂದುಕೊಂಡದ್ದು ಇದೇ 91ನೇ ಕೀರ್ತನೆಯನ್ನು. ಯೇಸು ಧುಮುಕಲಿಲ್ಲ. 'ಪೆಟ್ಟೇ ಬೀಳುವುದಿಲ್ಲ ಅಂತ ಬರೆದುಕೊಟ್ಟ ಗ್ಯಾರಂಟಿ ಪತ್ರದ ಹಾಗೆ ಇದನ್ನು ಓದಬೇಡಿ' ಅಂದರು. 'ಸದ್ಯಕ್ಕೆ 121 ಓದಿ. ಬರೀ ಎಂಟು ವಚನ.'

ಆ ಎಂಟು ವಚನಗಳಲ್ಲಿ, ಮೂಲ ಹೀಬ್ರೂವಿನಲ್ಲಿ, ಕಾಯುವುದು ಅನ್ನುವ ಅರ್ಥದ ಒಂದೇ ಮಾತು ಆರು ಸಲ ಬರುತ್ತದೆ ಅಂತಲೂ ಅವರೇ ಹೇಳಿದ್ದು. ನಿನ್ನನ್ನು ಕಾಯುವಾತನು. ಇಸ್ರಾಯೇಲ್ಯರನ್ನು ಕಾಯುವಾತನು. ಐಸಿಯು ಹೊರಗಿನ ಕುರ್ಚಿಯಲ್ಲಿ ಕೂತು ಅದನ್ನೇ ಮತ್ತೆ ಮತ್ತೆ ಓದುತ್ತಿದ್ದೆ. ಓದುತ್ತಾ ಓದುತ್ತಾ ಒಂದು ರಾತ್ರಿ ಥಟ್ಟನೆ ಹೊಳೆಯಿತು. ನಮ್ಮ ಭಾಷೆಯಲ್ಲಿ ಎರಡಕ್ಕೂ ಒಂದೇ ಮಾತು. ಬಾಗಿಲ ಹೊರಗೆ ನಾನು ಕಾಯುತ್ತಿದ್ದೇನೆ. ಒಳಗೆ ಅವರನ್ನು ದೇವರು ಕಾಯುತ್ತಿದ್ದಾನೆ. ನಾನು ಸುಮ್ನೆ ಕೂತಿದ್ದೇನೆ ಅಂದುಕೊಂಡಿದ್ದೆನಲ್ಲ, ಆ ಕೂರುವುದೂ ಒಂದು ಕಾವಲೇ ಆಗಿತ್ತು.

130ನೇ ಕೀರ್ತನೆಯಲ್ಲೂ ಇದೇ ಇದೆ. ಪಹರೆಯವರು ಬೆಳಗಾಗುವುದನ್ನು ಕಾಯುವ ಹಾಗೆ ನನ್ನ ಪ್ರಾಣ ಕರ್ತನಿಗಾಗಿ ಕಾಯುತ್ತದೆ ಅಂತ. ಪಹರೆಯವರ ಮಾತನ್ನು ಕೀರ್ತನೆಗಾರ ಬೆನ್ನು ಬೆನ್ನಿಗೆ ಎರಡು ಸಲ ಹೇಳಿದ್ದಾನೆ. ಯಾಕೆ ಎರಡು ಸಲ ಅಂತ ರಾತ್ರಿ ಪೂರ್ತಿ ಎಚ್ಚರ ಇದ್ದವರಿಗೆ ಗೊತ್ತಾಗುತ್ತದೆ.

ಈಗ ನಿಮ್ಮ ವಿಷಯ. ಸರಪಳಿ ಪ್ರಾರ್ಥನೆ ಮಾಡಿದ ನೀವೆಲ್ಲ. ದಿನಕ್ಕೆ 24 ಜನ, ಒಬ್ಬೊಬ್ಬರಿಗೆ ಒಂದೊಂದು ಗಂಟೆ, 23 ದಿನವೂ. ಗಂಟೆ ಶುರುವಾಗುತ್ತಲೇ ನನ್ನ ಫೋನಿಗೆ 'ಎದ್ದಿದ್ದೇನೆ' ಅಂತ ಒಂದೇ ಮಾತು ಕಳಿಸುತ್ತಿದ್ದಿರಿ. ಉತ್ತರ ಬೇಡ ಅಂತ ಮೊದಲೇ ಹೇಳಿದ್ದಿರಿ. ರಾತ್ರಿ ಎರಡು ಗಂಟೆಗೆ ಆ ಫೋನ್ ಒಂದು ಸಲ ಗುಂಯ್ ಅನ್ನುತ್ತಿತ್ತು. ಗೆತ್ಸೇಮನೆ ತೋಟದಲ್ಲಿ ಯೇಸು ತನ್ನವರಿಂದ ಕೇಳಿದ್ದು ಅದನ್ನೇ ಅಲ್ವಾ, ಒಂದು ಗಂಟೆ ನನ್ನ ಜೊತೆ ಎಚ್ಚರವಾಗಿರಿ ಅಂತ? ಅವನ ಶಿಷ್ಯರು ನಿದ್ದೆ ಹೋದರು. ನೀವು ಎದ್ದಿರಿ. ಒಂಬತ್ತನೇ ರಾತ್ರಿ ಆ ಎರಡು ಗಂಟೆಯ ಮೆಸೇಜು ನೋಡಿ, ಗೋಡೆಗೆ ಒರಗಿ, ನಾಲ್ಕರ ತನಕ ನಿದ್ದೆ ಮಾಡಿದೆ. ಸಮಾಧಾನ ಅಂತ ನಾನು ಕರೆಯುವುದು ಅದನ್ನು. ಬೆಳಕು ಕಾಣಲಿಲ್ಲ, ದನಿ ಕೇಳಲಿಲ್ಲ. ನನ್ನ ಬದಲು ಬೇರೆ ಯಾರೋ ಎಚ್ಚರ ಇದ್ದಾರೆ ಅನ್ನುವ ಧೈರ್ಯದಲ್ಲಿ ಬಂದ ಎರಡು ಗಂಟೆಯ ನಿದ್ದೆ.

ಫಿಲಿಪ್ಪಿಯವರಿಗೆ ಬರೆದ ಪತ್ರದಲ್ಲಿ ಪೌಲನು ದೇವಶಾಂತಿಯು ನಿಮ್ಮ ಹೃದಯಗಳನ್ನು ಕಾಯುವುದು ಅನ್ನುತ್ತಾನೆ. ಅಲ್ಲಿರುವ ಗ್ರೀಕ್ ಮಾತು ಸಿಪಾಯಿಗಳು ಕಾವಲು ನಿಲ್ಲುವುದಕ್ಕೆ ಬಳಸುವ ಮಾತು. ಬರೆಯುವಾಗ ಅವನೇ ಸೆರೆಯಲ್ಲಿದ್ದ. ಕಾವಲು ಅಂದರೇನು ಅಂತ ಅವನಿಗೆ ಚೆನ್ನಾಗಿ ಗೊತ್ತಿತ್ತು. ಹಾಗಾಗಿ ಆ ಮಾತನ್ನು ನಾನು ನಂಬುತ್ತೇನೆ.

ಮಾತಾಡದೆ ಬಂದು ಪಕ್ಕದಲ್ಲಿ ಕೂತವರಿಗೆ ಬೇರೆಯಾಗಿ ಹೇಳಬೇಕು. ಸತ್ಯವೇದದಲ್ಲಿ ಕಷ್ಟದ ಮೇಲೆ ಕಷ್ಟ ಕಂಡ ಯೋಬನ ಗೆಳೆಯರು ಏಳು ಹಗಲು ಏಳು ರಾತ್ರಿ ಅವನ ಜೊತೆ ನೆಲದ ಮೇಲೆ ಸುಮ್ಮನೆ ಕೂತಿದ್ದರು. ಅವರು ಕೆಟ್ಟದ್ದು ಬಾಯಿ ತೆರೆದ ಮೇಲೆ. 'ಯಾವುದೋ ಪಾಪಕ್ಕೆ ಇದು ಶಿಕ್ಷೆ' ಅಂದವರು ನನಗೂ ಸಿಕ್ಕಿದ್ದರು. ಅವರ ಮೇಲೆ ಈಗ ಸಿಟ್ಟಿಲ್ಲ. ಆದರೆ ಸುಮ್ಮನೆ ಕೂತವರ ಉಪಕಾರ ಎಷ್ಟು ದೊಡ್ಡದು ಅಂತ ಅವತ್ತೇ ಗೊತ್ತಾಯಿತು.

ರಾತ್ರಿ ಪಾಳಿಯ ಆ ನರ್ಸಮ್ಮನಿಗೆ ಏನು ಹೇಳಲಿ? 'ಮೈ ಅಲ್ಲಾಡದಿದ್ದರೂ ಅವರಿಗೆ ಎಲ್ಲ ಕೇಳಿಸುತ್ತದೆ, ಮಾತಾಡಿ' ಅಂದವರು ನೀವು. ನಾನು ಕಿವಿಯ ಹತ್ತಿರ ಬಾಗಿ 121 ಓದಿದೆ. ಆಗ ಅವರ ಮುಖದ ನರಗಳೂ ಸೋತಿದ್ದವು, ರೆಪ್ಪೆ ಮುಚ್ಚುತ್ತಿರಲಿಲ್ಲ. ತಿಂಗಳುಗಳಾದ ಮೇಲೆ ಅವರೇ ಹೇಳಿದರು. ಕಾಯುವಾತನು ತೂಕಡಿಸುವುದಿಲ್ಲ, ನಿದ್ರಿಸುವುದಿಲ್ಲ ಅನ್ನುವ ವಚನ ಬಂದಾಗಲೆಲ್ಲ, 'ಸರಿ, ಎಚ್ಚರ ಇರುವವನು ನಾನೊಬ್ಬನೇ ಅಲ್ಲ' ಅಂದುಕೊಳ್ಳುತ್ತಿದ್ದರಂತೆ. ಆಮೇಲೆ ತಿಂಗಳುಗಟ್ಟಲೆ ಬೆರಳು, ಮೊಣಕೈ, ಸೊಂಟ ಅಂತ ಒಂದೊಂದನ್ನೇ ಎಬ್ಬಿಸಿದ ಫಿಸಿಯೋಥೆರಪಿಸ್ಟರಿಗೂ ನನ್ನ ವಂದನೆ. ನಮಗಿಂತ ಜಾಸ್ತಿ ತಾಳ್ಮೆ ನಿಮ್ಮದು.

ಒಂದು ವಿಷಯ ಬರೆಯದೆ ಇರೋಕೆ ಆಗುವುದಿಲ್ಲ. ನನ್ನ ಪಕ್ಕದ ಕುರ್ಚಿಯಲ್ಲಿ ಒಬ್ಬ ತಾಯಿ ಇದ್ದರು. ನನ್ನಷ್ಟೇ ಪ್ರಾರ್ಥಿಸಿದವರು. ಅವರ ಮಗ ಮನೆಗೆ ಬರಲಿಲ್ಲ. ನನ್ನವರನ್ನು ಕಾದ ದೇವರು ಆ ಹುಡುಗನನ್ನು ಕಾಯಲಿಲ್ಲ ಅಂತ ನಾನು ಹೇಳಲಾರೆ, ನಂಬಲಾರೆ. ಹಾಗಂತ ಅವರಿಗೆ ವಿವರಿಸುವ ಮಾತೂ ನನ್ನ ಹತ್ತಿರ ಇಲ್ಲ. 88ನೇ ಕೀರ್ತನೆ ಕತ್ತಲಲ್ಲೇ ಮುಗಿಯುತ್ತದೆ, ಆದರೂ ಅದು ಸತ್ಯವೇದದಲ್ಲಿ ಇದೆ. ಅವರ ಮನೆಗೆ ಹೋದಾಗ ನಾನು ಸುಮ್ಮನೆ ಕೂತು ಬರುತ್ತೇನೆ.

ನಮ್ಮವರ ಕಾಲ್ಬೆರಳುಗಳಲ್ಲಿ ಇನ್ನೂ ಜೋಮಿದೆ. ಸಂಜೆಗೆ ಬೇಗ ದಣಿಯುತ್ತಾರೆ. ಪೂರ್ತಿ ಸರಿಹೋಗುತ್ತದಾ ಅಂತ ಕೇಳಿದರೆ ಡಾಕ್ಟರ್ ಈಗಲೂ ಅದೇ ಮಾತು ಹೇಳುತ್ತಾರೆ, ಕಾಯಬೇಕು. ಈಗ ಅದು ಬೈಗುಳದ ಹಾಗೆ ಕೇಳಿಸುವುದಿಲ್ಲ. ಕರ್ತನಿಗೆ ಸ್ತೋತ್ರ.

ನಮ್ಮ ಸಭೆಯ ಇನ್ನೊಂದು ಮನೆಯವರಿಗಾಗಿ ಮೊನ್ನೆಯಿಂದ ಹೊಸ ಸರಪಳಿ ಶುರುವಾಗಿದೆ. ರಾತ್ರಿ ಎರಡರಿಂದ ಮೂರು ನನ್ನ ಗಂಟೆ. ಮೂರರಿಂದ ನಾಲ್ಕನ್ನು ನಮ್ಮ ಯಜಮಾನರೇ ಕೇಳಿ ತೆಗೆದುಕೊಂಡಿದ್ದಾರೆ. ಅಲಾರಂ ಇಡುವುದು ಬೇಡ, ನೀನೇ ಎಬ್ಬಿಸು ಅಂದಿದ್ದಾರೆ.