ಕೆಂಪು ಕಿವಿಯ ಆಮೆ ನಮ್ಮ ಕೆರೆಗಳಿಗೆ ಬೇಡ: ಅರಣ್ಯ ಸಚಿವರಿಗೆ ಒಂದು ಬಹಿರಂಗ ಪತ್ರ

ಕರ್ನಾಟಕ ಸರ್ಕಾರದ ಮಾನ್ಯ ಅರಣ್ಯ ಮತ್ತು ಪರಿಸರ ಸಚಿವರಿಗೆ ಗೌರವಪೂರ್ವಕ ನಮಸ್ಕಾರಗಳು.

ಬೆಂಗಳೂರಿನ ನಮ್ಮ ಅಕ್ಕನ ಮನೆಯಲ್ಲಿ ಒಂದು ಆಮೆಯಿದೆ. ಒಂಬತ್ತು ವರ್ಷಗಳ ಹಿಂದೆ ಮಗನ ಹಟಕ್ಕೆ ಮಣಿದು ಅಕ್ವೇರಿಯಂ ಅಂಗಡಿಯಿಂದ ತಂದಾಗ ಅದು ಅಂಗೈಯಲ್ಲಿ ಅಡಗುವಷ್ಟು ಪುಟ್ಟ ಹಸಿರು ಮರಿಯಾಗಿತ್ತು. ಈಗ ಊಟದ ತಟ್ಟೆಯಷ್ಟಾಗಿದೆ, ಹುಡುಗ ಹಾಸ್ಟೆಲ್ ಸೇರಿದ್ದಾನೆ. ಇದನ್ನು ಯಾರಿಗೆ ಒಪ್ಪಿಸಬೇಕೆಂದು ನಾವು ವಿಚಾರಿಸಿದ ಕಚೇರಿಯಲ್ಲಿ, ವಿದೇಶಿ ಪ್ರಾಣಿಯಾದ್ದರಿಂದ ತಮಗೆ ಸಂಬಂಧಿಸಿದ್ದಲ್ಲ ಎಂದರು. ಅಂಗಡಿಯವರು ಹೇಳಿದ್ದು ಇನ್ನೂ ಸುಲಭದ ದಾರಿ: “ಕೆರೆಗೆ ಬಿಟ್ಟುಬಿಡಿ.” ಈ ಪತ್ರ ಬರೆಯಲು ಆ ಮಾತೇ ಕಾರಣ.

ರೆಡ್ ಇಯರ್ಡ್ ಸ್ಲೈಡರ್ ಎಂದು ಮಾರಾಟವಾಗುವ ಈ ಆಮೆ ಅಮೆರಿಕದ ಮಿಸಿಸಿಪಿ ನದಿಯ ಕಣಿವೆಯದು. ಲೂಯಿಸಿಯಾನ ರಾಜ್ಯದ ಸಾಕಣೆ ಕೇಂದ್ರಗಳಲ್ಲಿ ಇದನ್ನು ಭಾರೀ ಸಂಖ್ಯೆಯಲ್ಲಿ ಬೆಳೆಸಲಾಗುತ್ತದೆ. ಆಮೆಮರಿಗಳಿಂದ ಮಕ್ಕಳಿಗೆ ಸಾಲ್ಮೊನೆಲ್ಲಾ ಎಂಬ ಬ್ಯಾಕ್ಟೀರಿಯಾದ ಸೋಂಕು ತಗಲುತ್ತಿದ್ದುದರಿಂದ, ನಾಲ್ಕು ಇಂಚಿಗಿಂತ ಚಿಕ್ಕ ಚಿಪ್ಪಿನ ಆಮೆಗಳನ್ನು ಸಾಕಲೆಂದು ಮಾರುವುದನ್ನು ಅಮೆರಿಕ 1975ರಲ್ಲಿ ನಿಷೇಧಿಸಿತು. ಆದರೆ ರಫ್ತಿಗೆ ಅವಕಾಶ ಉಳಿಯಿತು. ತನ್ನ ಮಕ್ಕಳ ಕೈಗೆ ಕೊಡಬಾರದೆಂದು ಆ ದೇಶ ತೀರ್ಮಾನಿಸಿದ ಮರಿಗಳು ಹೀಗೆ ಬೇರೆ ದೇಶಗಳ ಮನೆಗಳನ್ನು ಸೇರಿದವು. ಯುರೋಪಿನ ಒಕ್ಕೂಟ 1997ರಲ್ಲಿಯೇ ಇದರ ಆಮದನ್ನು ತಡೆಯಿತು. ಜಗತ್ತಿನ ಅತಿ ಹಾನಿಕಾರಕವಾದ 100 ಆಕ್ರಮಣಕಾರಿ ಜೀವಿಗಳ, ಅಂದರೆ ಹೊರಗಿನಿಂದ ಬಂದು ಸ್ಥಳೀಯ ಜೀವಿಗಳನ್ನು ಹತ್ತಿಕ್ಕುವ ಜೀವಿಗಳ ಪಟ್ಟಿಯಲ್ಲಿಯೂ ಇದರ ಹೆಸರಿದೆ.

ಅದೇ ಸೀಮೆಯ ಇನ್ನೊಂದು ಆಮೆಯ ವಿಷಯದಲ್ಲಿ ಅಮೆರಿಕ ಎಷ್ಟು ಎಚ್ಚರದಿಂದ ನಡೆದುಕೊಂಡಿದೆ ಎಂಬುದನ್ನು ತಾವು ಗಮನಿಸಬೇಕು. ಚಿಪ್ಪಿನ ಮೇಲೆ ನಕ್ಷೆಯಂತಹ ಗೆರೆಗಳಿರುವ ‘ಮ್ಯಾಪ್ ಟರ್ಟಲ್’ಗಳಲ್ಲಿ ಪರ್ಲ್ ನದಿಯ ಪ್ರಭೇದವನ್ನು ಅಪಾಯದಲ್ಲಿರುವ ಜೀವಿಯೆಂದು 2024ರ ಜುಲೈನಲ್ಲಿ ಘೋಷಿಸಿದಾಗ, ಅದನ್ನು ಹೋಲುವ ಇತರ ನಾಲ್ಕು ಪ್ರಭೇದಗಳಿಗೂ ರಕ್ಷಣೆ ಕೊಡಲಾಯಿತು, ಏಕೆಂದರೆ ಹಿಡಿದು ಮಾರುವವರ ಬುಟ್ಟಿಯಲ್ಲಿ ಯಾವುದು ಯಾವುದೆಂದು ಗುರುತಿಸುವುದು ಕಷ್ಟ. ನಮ್ಮಲ್ಲಿಯೂ ತೊಡಕು ಅದೇ. ಕೆರೆಗಳ ಮೃದುಚಿಪ್ಪಿನ ಆಮೆ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಅತಿ ಹೆಚ್ಚಿನ ರಕ್ಷಣೆ ಕೊಡುವ ಮೊದಲನೇ ಅನುಸೂಚಿಯಲ್ಲಿದೆ, ಅದನ್ನು ಮಾರುವುದು ಅಪರಾಧ. ಪಕ್ಕದ ತೊಟ್ಟಿಯಲ್ಲಿ ವಿದೇಶಿ ಆಮೆ ರಾಜಾರೋಷವಾಗಿ ಮಾರಾಟವಾಗುತ್ತಿರುವಾಗ, ನಮ್ಮ ನಾಡಿನ ಆಮೆಯನ್ನು ಸಾಕುವುದು ತಪ್ಪೆಂಬ ಅರಿವು ಕೊಳ್ಳುವವರಿಗೆ ಎಲ್ಲಿಂದ ಬರಬೇಕು?

ಮೂವತ್ತು ವರ್ಷ ಬದುಕಬಲ್ಲ, ಗಿಡ, ಮೀನು, ಕಪ್ಪೆಮರಿ ಯಾವುದನ್ನೂ ಬಿಡದ ಈ ಆಮೆ ಕೆರೆಗೆ ಇಳಿದರೆ ಆಹಾರಕ್ಕೂ ಬಿಸಿಲು ಕಾಯುವ ಬಂಡೆಗೂ ನಮ್ಮ ಕರಿ ಆಮೆಗಳೊಂದಿಗೆ ಪೈಪೋಟಿಗೆ ನಿಲ್ಲುತ್ತದೆ, ರೋಗಗಳನ್ನೂ ತರಬಲ್ಲದು. ಅದನ್ನು ಬಿಡುವವರಲ್ಲಿ ಕ್ರೂರಿಗಳು ಕಡಿಮೆ. ಕೂರ್ಮಾವತಾರವನ್ನು ನೆನೆದು ದೇವಸ್ಥಾನದ ಕಲ್ಯಾಣಿಗೆ ಬಿಟ್ಟು ಕೈಮುಗಿಯುವವರೂ ಇದ್ದಾರೆ. ಅವರ ಭಕ್ತಿಯನ್ನು ನಾನು ಗೌರವಿಸುತ್ತೇನೆ, ಆದರೆ ಅಲ್ಲಿ ಮೊದಲೇ ಇರುವ ಜೀವಿಗಳಿಗೆ ಅದರಿಂದ ಕೇಡಾಗುತ್ತದೆ.

ಕಾನೂನಿನಲ್ಲಿ ದಾರಿಯಿದೆ. 2022ರಲ್ಲಿ ತಿದ್ದುಪಡಿಯಾದ ಅದೇ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 62ಎ ಕಲಮಿನ ಅಡಿಯಲ್ಲಿ ಆಕ್ರಮಣಕಾರಿ ವಿದೇಶಿ ಜೀವಿಗಳ ಆಮದು, ವ್ಯಾಪಾರ ಹಾಗೂ ಸಾಕಣೆಯನ್ನು ಕೇಂದ್ರ ಸರ್ಕಾರ ನಿರ್ಬಂಧಿಸಬಹುದು ಅಥವಾ ನಿಷೇಧಿಸಬಹುದು. ಕೆಂಪು ಕಿವಿಯ ಆಮೆಯನ್ನು ಅದರಡಿ ಅಧಿಸೂಚಿಸುವಂತೆ ರಾಜ್ಯದ ಪರವಾಗಿ ತಾವು ಕೇಂದ್ರಕ್ಕೆ ಬರೆಯಬೇಕೆಂದು ಕೋರುತ್ತೇನೆ. ಆದರೆ ನಿಷೇಧ ಬರುವ ಮೊದಲೇ ಒಪ್ಪಿಸುವ ಜಾಗ ಸಿದ್ಧವಾಗಬೇಕು. ಇಲ್ಲದಿದ್ದರೆ ಹೆದರಿದ ಜನ ಒಂದೇ ರಾತ್ರಿಯಲ್ಲಿ ತೊಟ್ಟಿಗಳನ್ನು ಕೆರೆಗೆ ಬರಿದು ಮಾಡುತ್ತಾರೆ. ಪ್ರತಿ ಜಿಲ್ಲೆಯಲ್ಲಿ ಪ್ರಶ್ನೆ ಕೇಳದೆ, ದಂಡ ಹಾಕದೆ ಇಂತಹ ಆಮೆಗಳನ್ನು ಪಡೆಯುವ ಒಂದು ಕೇಂದ್ರವನ್ನು ತೆರೆಯಿರಿ, ಅದರ ವಿಳಾಸವನ್ನು ಅಕ್ವೇರಿಯಂ ಅಂಗಡಿಗಳಲ್ಲಿಯೂ ಕೆರೆ ಏರಿಗಳ ಮೇಲೂ ಕನ್ನಡದಲ್ಲಿ ಬರೆಸಿ. ಬೆಂಗಳೂರಿನಲ್ಲಿ ಅದು ತೆರೆದ ದಿನವೇ ಅಕ್ಕನ ಮನೆಯ ಆಮೆಯನ್ನು ನಾನೇ ತಂದು ಒಪ್ಪಿಸುತ್ತೇನೆ.

ತಮ್ಮ ವಿಶ್ವಾಸಿ,
ಬೆಂಗಳೂರಿನ ಒಬ್ಬ ನಾಗರಿಕ