ಹೂಂಗುಟ್ಟುವವನ ಪತ್ರ

ಲೋ ಮಾರಾಯ,

ಮನೆಕೆಲಸದ ಜತೆ ರೇಡಿಯೋ ಕಥೆ ಕೇಳೋದು ಹೇಗೆ ಅಂತ ಕೇಳಿದ್ದೆಯಲ್ಲ, ಎಲ್ಲರೆದುರೇ ಬರೆಯುತ್ತೇನೆ. ಹಲಸಿನಹಣ್ಣಿನ ಬಸ್ಸಿನ ವಿಷಯ ಮಾತ್ರ ಎತ್ತುವುದಿಲ್ಲ, ಆಣೆ.

ಕಕ್ಕಡದ (ಕೊಡಗಿನ ಜುಲೈ-ಆಗಸ್ಟ್ ತಿಂಗಳು) ಮಳೆಯಲ್ಲಿ ಲೈವ್ ನಂಬಬೇಡ. ಕರೆಂಟು ಹೋದರೆ ವೈಫೈ ಸತ್ತಿತು, ಸ್ವಲ್ಪ ಹೊತ್ತಿಗೆ ಟವರಿನ ಬ್ಯಾಟರಿಯೂ ಕೈಕೊಡುತ್ತದೆ. ರಾತ್ರಿಯೇ ಡೌನ್‌ಲೋಡ್ ಮಾಡಿಟ್ಟುಕೋ. ಮಾತಿಗೆ 64 ಕೆಬಿಪಿಎಸ್ ಗುಣಮಟ್ಟದ ಆಡಿಯೋ ಧಾರಾಳ. ಅರ್ಧ ಗಂಟೆಯ ಕಥೆಗೆ ಸುಮಾರು 14 ಎಂಬಿ. 128ಕ್ಕೆ ಏರಿಸಿದರೆ ಎಂಬಿ ಎರಡು ಪಟ್ಟು, ಕಿವಿಗೆ ಅಂಥಾ ಲಾಭವಿಲ್ಲ. ಕಥೆ ತಾನಾಗಿ ನಿಲ್ಲುತ್ತಿದ್ದರೆ ಫೋನಿನ ಬ್ಯಾಟರಿ ಸೇವರ್ ಆ್ಯಪ್‌ನ ಕತ್ತು ಹಿಸುಕುತ್ತಿದೆ ಅಂತ ಅರ್ಥ. ಸೆಟ್ಟಿಂಗಿನಲ್ಲಿ ಆ ಆ್ಯಪ್ ಒಂದಕ್ಕೆ ವಿನಾಯಿತಿ ಕೊಡು.

ಅಡುಗೆಮನೆಯ ರೇಡಿಯೋದಲ್ಲಿ 103.1 ಮಡಿಕೇರಿ ಹಾಕಿ, ಅದನ್ನೇ ಫೋನಿನಲ್ಲೂ ಹಚ್ಚಬೇಡ. ಇಂಟರ್‌ನೆಟ್ಟಿನದು ಬಫರ್ ತುಂಬಿಕೊಂಡು ತಡವಾಗಿ ಬರುತ್ತದೆ, ಮನೆಯಲ್ಲಿ ಇಬ್ಬರು ಜಗಳಾಡಿದ ಹಾಗಾಗುತ್ತದೆ.

ಶೀಟಿನ ಮೇಲೆ ಮಳೆ ಹೊಡೆಯುವಾಗ ಮೊದಲು ಮುಳುಗುವುದು ಸ, ಶ, ತ. ವಾಲ್ಯೂಮ್ ಏರಿಸುವ ಬದಲು ಈಕ್ವಲೈಸರಿನಲ್ಲಿ ಬೇಸ್ ಇಳಿಸಿ ಟ್ರೆಬಲ್ ತುಸು ಎತ್ತು. ಫೋನನ್ನು ಸ್ಟೀಲ್ ಲೋಟಕ್ಕೆ ಇಳಿಸಿದರೆ ಸದ್ದು ದೊಡ್ಡದಾಗುತ್ತದೆ, ಆದರೆ ಕಥೆಗಾರ ಬಾವಿಯೊಳಗಿಂದ ಕೂಗಿದ ಹಾಗಿರುತ್ತದೆ. ಗೋಡೆಯ ಮೂಲೆಗೆ ಒರಗಿಸಿಡು.

ಕೆಲಸ ನೋಡಿ ಕಥೆ ಆರಿಸು. ಕಾಫಿಬೀಜದಲ್ಲಿ ಕಪ್ಪು, ಒಡಕು ಹೆಕ್ಕುವಾಗ ಎಂಥ ಕಥೆಯೂ ನಡೆಯುತ್ತದೆ, ಕೈಗೆ ಭಾಷೆ ಬೇಕಿಲ್ಲ. ಚೆಕ್‌ರೋಲ್, ಅಂದರೆ ತೋಟದಾಳುಗಳ ಹಾಜರಿ-ಕೂಲಿ ಪುಸ್ತಕ, ಬರೆಯುವಾಗ ಬೇಡವೇ ಬೇಡ. ಕಥೆಯೊಳಗೆ ಯಾರೋ ಸತ್ತ ಹೊತ್ತಿಗೆ ಇಲ್ಲಿ ಯಾರಿಗೋ ಅರ್ಧ ದಿನದ ಕೂಲಿ ಹೆಚ್ಚಾಗಿರುತ್ತದೆ. (1935ರಲ್ಲಿ ಮೈಸೂರಿನ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿಯವರು ಮನೆಯಿಂದಲೇ ಬಾನುಲಿ ಶುರುಮಾಡಿದರು. ಮನೆಯಿಂದ ಕೆಲಸ ಅಂದರೆ ಅದಪ್ಪಾ.)

ವೇಗ 1.25 ದಾಟಿಸಬೇಡ. ಇನ್ನೊಂದು, ನಡುವಿನ ಮೌನವನ್ನು ಕತ್ತರಿಸಿ ಹಾಕುವ ಸವಲತ್ತು ಕೆಲವು ಆ್ಯಪ್‌ಗಳಲ್ಲಿದೆ. ಅದನ್ನು ಆಫ್ ಮಾಡಿಬಿಡು. ಅಜ್ಜಿ ಕಥೆ ಹೇಳುವಾಗ ‘ಹೂಂ’ ಅನ್ನದಿದ್ದರೆ ನಿಲ್ಲಿಸಿಬಿಡುತ್ತಿದ್ದಳಲ್ಲ, ಆ್ಯಪ್ ಕತ್ತರಿಸುವುದು ಆ ಹೂಂ ಕೂರುವ ಜಾಗವನ್ನೇ. ರೇಡಿಯೋಗೆ ನಾವು ಹೂಂ ಅನ್ನಬೇಕಿಲ್ಲ, ಬಿಟ್ಟುಹೋಗುವುದು ಆ ಅಭ್ಯಾಸ. ಅಥವಾ ಅಭ್ಯಾಸ ಉಳಿದು, ಕೇಳುವುದು ಬಿಟ್ಟುಹೋಗುತ್ತದೋ ಏನೋ. ಮೊನ್ನೆ ನೀನು ಫೋನಿನಲ್ಲಿ ಅಪ್ಪನ ವಿಷಯ ಹೇಳುತ್ತಿದ್ದಾಗ ಸರಿಯಾದ ಜಾಗದಲ್ಲೆಲ್ಲ ಹೂಂ ಅಂದೆನಲ್ಲ? ನಿನ್ನ ಕರೆ ಬಂದು ನಿಂತ ಕಥೆಯಲ್ಲಿ ಹನ್ನೊಂದು ನಿಮಿಷ ಬಾಕಿಯಿತ್ತು. ನಾನಿದ್ದದ್ದು ಅಲ್ಲಿ. ಡಾಕ್ಟರು ಏನಂದರು ಅಂತ ಇವತ್ತಿಗೂ ನನಗೆ ಗೊತ್ತಿಲ್ಲ ಕಣೋ.

ಇದನ್ನು ಬರೆಯುವ ಅಂದಾಜಿರಲಿಲ್ಲ. ಈಕ್ವಲೈಸರಿಗೇ ನಿಲ್ಲಿಸಬೇಕಿತ್ತು.

ಆ ಹನ್ನೊಂದು ನಿಮಿಷ ಇನ್ನೂ ಹಾಗೇ ಇದೆ. ಇವತ್ತು ಸಂಜೆ ನಾನೇ ಫೋನ್ ಮಾಡುತ್ತೇನೆ, ಮೊದಲಿಂದ ಹೇಳು. ನಡುವೆ ಜಾಗ ತಪ್ಪಿ ಹೂಂ ಅಂದರೆ ನೆಟ್‌ವರ್ಕ್ ಸರಿಯಿಲ್ಲ ಅಂದುಕೋ. ಕಕ್ಕಡ ಮುಗಿಯುವ ತನಕ ಆ ನೆಪ ನಡೆಯುತ್ತದೆ.

ಇಂತಿ,
ಬಸ್ಸಿನಲ್ಲಿ ಹಲಸಿನಹಣ್ಣು ಹಿಡಿದು ಕೂತವನು